2¹²⁷ − 1: ಭಾಗಿಸಿ ನೋಡದೆ ಅವಿಭಾಜ್ಯವೆಂದು ಹೇಳಿದ್ದು ಹೇಗೆ?

ಅಂಚಿನ_ಟಿಪ್ಪಣಿ (ಚರ್ಚೆ ಆರಂಭಿಸಿದವರು)

ಮಾನ್ಯರೇ, ಮಗಳು ಪ್ರೋಗ್ರಾಮಿಂಗ್ ಕಲಿಯುತ್ತಿದ್ದಾಳೆ. 128 ಬಿಟ್‌ಗಳಲ್ಲಿ ಧನ ಮತ್ತು ಋಣ ಸಂಖ್ಯೆಗಳೆರಡನ್ನೂ ಇಡುವುದಾದರೆ ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಯಾವುದೆಂದು ಅವಳು ಹುಡುಕುತ್ತಿದ್ದಾಗ ಪರದೆಯ ಮೇಲೆ ಇದು ಬಂತು:

170141183460469231731687303715884105727

ಇದು 39 ಅಂಕಿಗಳ ಸಂಖ್ಯೆ. 2¹²⁷ರಲ್ಲಿ ಒಂದು ಕಳೆದರೆ ಸಿಗುತ್ತದೆ. ಇದು ಅವಿಭಾಜ್ಯ ಸಂಖ್ಯೆಯೆಂದೂ, ಫ್ರಾನ್ಸಿನ ಎದುವಾರ್ ಲ್ಯೂಕಾ ಎಂಬ ಗಣಿತಜ್ಞರು 1876ರಲ್ಲಿ ಯಾವ ಯಂತ್ರವೂ ಇಲ್ಲದೆ ಇದನ್ನು ಕಂಡುಕೊಂಡರೆಂದೂ ಓದಿದೆವು. ನನಗೆ ಶಾಲೆಯಲ್ಲಿ ಕಲಿಸಿದ ವಿಧಾನ ಒಂದೇ: ಸಂಖ್ಯೆಯ ವರ್ಗಮೂಲದವರೆಗಿನ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸುತ್ತ ಹೋಗುವುದು, ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದಿದ್ದರೆ ಅದು ಅವಿಭಾಜ್ಯವೆನ್ನುವುದು. ಈ ಸಂಖ್ಯೆಯ ವರ್ಗಮೂಲವೇ ಸುಮಾರು 1.3 × 10¹⁹ ಇದೆ. ಹಾಗಿದ್ದರೆ ಒಬ್ಬ ಮನುಷ್ಯ ಮೇಜಿನ ಮುಂದೆ ಕುಳಿತು ಇದನ್ನು ಹೇಗೆ ತೀರ್ಮಾನಿಸಿದ? ಬಲ್ಲವರು ಹಂತಹಂತವಾಗಿ ತಿಳಿಸಿದರೆ ನಾವಿಬ್ಬರೂ ಜೊತೆಗೆ ಲೆಕ್ಕ ಮಾಡುತ್ತ ಓದುತ್ತೇವೆ.

ನಿವೃತ್ತ_ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಬರೆಯುವ ಅನುಕೂಲಕ್ಕಾಗಿ ಈ ಸಂಖ್ಯೆಯನ್ನು ಇಲ್ಲಿ "ಮ" ಎಂದು ಕರೆಯೋಣ.

ಮೊದಲು ಭಾಗಿಸುವ ದಾರಿಯಲ್ಲೇ ಎಷ್ಟು ದೂರ ಹೋಗಬಹುದೆಂದು ನೋಡೋಣ. ಯಾವುದೋ ಒಂದು ಅವಿಭಾಜ್ಯ ಕ, ಮವನ್ನು ಭಾಗಿಸುತ್ತದೆ ಎಂದುಕೊಳ್ಳಿ. ಆಗ 2¹²⁷ನ್ನು ಕದಿಂದ ಭಾಗಿಸಿದರೆ ಶೇಷ 1 ಉಳಿಯುತ್ತದೆ. 127 ಸ್ವತಃ ಅವಿಭಾಜ್ಯವಾದ್ದರಿಂದ 2ರ ಘಾತಗಳು ಶೇಷ 1ಕ್ಕೆ ಮೊದಲ ಬಾರಿ ಮರಳುವುದು ಸರಿಯಾಗಿ 127ನೆಯ ಹೆಜ್ಜೆಯಲ್ಲಿ. ಫರ್ಮಾ ಅವರ ಕಿರು ಪ್ರಮೇಯದ ಪ್ರಕಾರ (ಕ − 1)ನೆಯ ಹೆಜ್ಜೆಯಲ್ಲೂ ಶೇಷ 1 ಬರಲೇಬೇಕು, ಹಾಗಾಗಿ 127 ಎಂಬುದು ಕ − 1ನ್ನು ಭಾಗಿಸಬೇಕು. ಕ ಬೆಸ ಸಂಖ್ಯೆಯಾದ್ದರಿಂದ ಅದು 254ರ ಯಾವುದಾದರೂ ಗುಣಕಕ್ಕೆ 1 ಕೂಡಿಸಿದ ರೂಪದಲ್ಲೇ ಇರಬೇಕು. ಇದರ ಮೇಲೆ ಇನ್ನೊಂದು ನಿರ್ಬಂಧವೂ ಇದೆ: ಕವನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಮಾತ್ರ ಬರಬಹುದು.

ಈ ಎರಡು ಜರಡಿಗಳಲ್ಲಿ ಹಿಡಿದರೆ ಮೊದಲು ಸಿಗುವವು 255, 1017, 1271, 2033. ಇವುಗಳಲ್ಲಿ 255 ಮತ್ತು 1017 ಮೂರರಿಂದ ಭಾಗವಾಗುತ್ತವೆ, 1271 = 31 × 41, 2033 = 19 × 107. ಆದ್ದರಿಂದ ನಿಜವಾಗಿ ಭಾಗಿಸಿ ನೋಡಬೇಕಾದ ಮೊದಲ ಅವಿಭಾಜ್ಯ 2287. ಅದಕ್ಕಿಂತ ಚಿಕ್ಕದಾದ ಯಾವ ಅವಿಭಾಜ್ಯವನ್ನೂ ಮುಟ್ಟುವ ಅಗತ್ಯವೇ ಇಲ್ಲ. ಕೇಳಲು ಇದು ದೊಡ್ಡ ಉಳಿತಾಯವೆನಿಸುತ್ತದೆ. ಆದರೂ ವರ್ಗಮೂಲದವರೆಗೆ ಹೋಗುವಷ್ಟರಲ್ಲಿ ಸುಮಾರು 2.5 × 10¹⁶ ಸಂಖ್ಯೆಗಳು ಉಳಿಯುತ್ತವೆ. ಸೆಕೆಂಡಿಗೊಂದು ಭಾಗಾಕಾರ ಮುಗಿಸುತ್ತ ಹೋದರೂ 80 ಕೋಟಿ ವರ್ಷ ಬೇಕು. ಲ್ಯೂಕಾ ಈ ದಾರಿ ಹಿಡಿಯಲಿಲ್ಲ ಎಂಬುದಂತೂ ಸ್ಪಷ್ಟ.

ಬಿಡಿಲೆಕ್ಕ

ಇಷ್ಟು ಸುತ್ತುವುದೇಕೆ? 127 ಅವಿಭಾಜ್ಯವಾಗಿರುವುದರಿಂದ 2¹²⁷ − 1 ಕೂಡ ಅವಿಭಾಜ್ಯ. 3, 7, 31, 127 ಎಲ್ಲವೂ ಹಾಗೆಯೇ ಬಂದಿವೆ. ಅಷ್ಟಕ್ಕೂ ಸಂಶಯವಿದ್ದರೆ ಮೇಷ್ಟ್ರು ಹೇಳಿದ ಫರ್ಮಾ ಪ್ರಮೇಯವನ್ನೇ ಪರೀಕ್ಷೆಯಾಗಿ ಬಳಸಬಹುದು: 2ನ್ನು (ಮ − 1)ನೆಯ ಘಾತಕ್ಕೆ ಏರಿಸಿ ಮದಿಂದ ಭಾಗಿಸಿದಾಗ ಶೇಷ 1 ಬಂದರೆ ಮುಗಿಯಿತಲ್ಲವೇ?

ನಿವೃತ್ತ_ಮೇಷ್ಟ್ರು

ಎರಡೂ ಸರಿಯಲ್ಲ. ಆದರೆ ಎರಡನೆಯ ತಪ್ಪು ಮೊದಲನೆಯದಕ್ಕಿಂತ ಸ್ವಾರಸ್ಯಕರವಾಗಿದೆ.

ಘಾತಾಂಕ ಅವಿಭಾಜ್ಯವಾಗಿರುವುದು ಅಗತ್ಯ, ಆದರೆ ಅಷ್ಟೇ ಸಾಲದು. 11 ಅವಿಭಾಜ್ಯ, ಆದರೆ 2¹¹ − 1 = 2047 = 23 × 89. 17ನೆಯ ಶತಮಾನದ ಮರ್ಸೆನ್ ಎಂಬ ಪಾದ್ರಿ 1644ರಲ್ಲಿ 257ರವರೆಗೆ ಯಾವ ಘಾತಾಂಕಗಳಿಂದ ಅವಿಭಾಜ್ಯಗಳು ಹುಟ್ಟುತ್ತವೆಂದು ಒಂದು ಪಟ್ಟಿ ಕೊಟ್ಟರು. ಅದರಲ್ಲಿ 127 ಇತ್ತು, ಅದು ಸರಿಯಾಗಿತ್ತು. 67 ಮತ್ತು 257 ಕೂಡ ಇದ್ದವು, ಅವೆರಡೂ ತಪ್ಪು. 61, 89, 107 ಬಿಟ್ಟುಹೋಗಿದ್ದವು. ಅಂದರೆ ಮವನ್ನು ಕುರಿತು ಮರ್ಸೆನ್ ಹೇಳಿದ್ದು ನಿಜವಾದರೂ ಅದನ್ನು ಸಾಧನೆಯೆಂದು ಯಾರೂ ಒಪ್ಪುವಂತಿರಲಿಲ್ಲ.

ಇನ್ನು ಫರ್ಮಾ ಪರೀಕ್ಷೆಗೆ ಬರೋಣ. ಘಾತಾಂಕ ಅವಿಭಾಜ್ಯವಾಗಿದ್ದರೆ ಈ ಕುಟುಂಬದ ಪ್ರತಿಯೊಂದು ಸಂಖ್ಯೆಯೂ, ಅದು ಅವಿಭಾಜ್ಯವಿರಲಿ ಸಂಯುಕ್ತವಿರಲಿ, 2ನ್ನು ಇಟ್ಟುಕೊಂಡು ಮಾಡುವ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ! 2047ನ್ನೇ ತೆಗೆದುಕೊಳ್ಳಿ. 2¹¹ರ ಶೇಷ 1. 2046 ಎಂಬುದು 11ರ 186 ಪಟ್ಟು. ಆದ್ದರಿಂದ 2²⁰⁴⁶ರ ಶೇಷವೂ 1. ಆದರೂ 2047 ಒಡೆಯುತ್ತದೆ. ಎಲ್ಲರನ್ನೂ ಪಾಸು ಮಾಡುವ ಪರೀಕ್ಷಕನಿಂದ ನಮಗೇನು ಪ್ರಯೋಜನ?

ಕಡಲಕರೆ

ನಾನು ಕರಾವಳಿಯವನು. ಲ್ಯೂಕಾ ಅವರ ಪರೀಕ್ಷೆ ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಚೆನ್ನೆಮಣೆಯಿಂದ. ಒಳನಾಡಿನವರು ಅಳಗುಳಿಮಣೆ ಎನ್ನುವ ಆಟದ ಹಲಗೆಯೇ ಅದು: ಎರಡು ಸಾಲು, ಸಾಲಿಗೆ ಏಳು ಗುಳಿ. 127 ಎಂದರೆ 2⁷ − 1, ಅಂದರೆ ದ್ವಿಮಾನ ಪದ್ಧತಿಯಲ್ಲಿ ಏಳು ಒಂದುಗಳು. ಮಕ್ಕಳ ಮಣೆಯಲ್ಲಿ ಸರಿಯಾಗಿ ಹಿಡಿಸುವ ಸಂಖ್ಯೆ ಇದು.

ಪರೀಕ್ಷೆ ಹೀಗಿದೆ. 3ರಿಂದ ಆರಂಭಿಸಿ. ಪ್ರತಿ ಬಾರಿಯೂ ಕೈಯಲ್ಲಿರುವ ಸಂಖ್ಯೆಯ ವರ್ಗ ಮಾಡಿ, 2 ಕಳೆದು, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಇಟ್ಟುಕೊಳ್ಳಿ. ಘಾತಾಂಕಕ್ಕಿಂತ ಒಂದು ಕಡಿಮೆ ಪದಗಳನ್ನು ಬರೆದಾಗ ಕೊನೆಯ ಪದ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ. 127ಕ್ಕೆ ಆರು ಪದಗಳು ಬೇಕು: 3, 7, 47, ಅನಂತರ 47ರ ವರ್ಗದಿಂದ 2 ಕಳೆದರೆ 2207.

ಇಲ್ಲಿ ಮಣೆಯನ್ನು ಮುಂದಿಟ್ಟುಕೊಳ್ಳಿ. 2207 = 17 × 128 + 31. ಮೇಲಿನ ಸಾಲಿನಲ್ಲಿ 17ನ್ನು ಹುಣಸೆಬೀಜಗಳಿಂದ ಇಡಿ (ಬಲದಿಂದ 1ನೆಯ ಮತ್ತು 5ನೆಯ ಗುಳಿಗಳಲ್ಲಿ ಒಂದೊಂದು), ಕೆಳಗಿನ ಸಾಲಿನಲ್ಲಿ 31ನ್ನು ಇಡಿ (ಬಲದಿಂದ ಮೊದಲ ಐದು ಗುಳಿಗಳಲ್ಲಿ ಒಂದೊಂದು). 128ನ್ನು 127ರಿಂದ ಭಾಗಿಸಿದರೆ ಶೇಷ 1 ತಾನೇ? ಹಾಗಾಗಿ ಮೇಲಿನ ಸಾಲಿನ ಬೀಜಗಳನ್ನು ಇದ್ದ ಹಾಗೆಯೇ ಕೆಳಗಿನ ಸಾಲಿಗೆ ಸುರಿದರೆ ಶೇಷ ಬದಲಾಗುವುದಿಲ್ಲ. ಒಂದು ಗುಳಿಯಲ್ಲಿ ಎರಡು ಬೀಜ ಸೇರಿದರೆ ಎರಡನ್ನೂ ತೆಗೆದು ಎಡಗಡೆಯ ಗುಳಿಗೆ ಒಂದನ್ನು ಹಾಕಬೇಕು. ಎಡತುದಿಯ ಗುಳಿಯಿಂದ ಹೊರಬಿದ್ದ ಬೀಜ ಸುತ್ತಿಕೊಂಡು ಬಲತುದಿಯ ಗುಳಿಗೇ ಬರುತ್ತದೆ. ಚೆನ್ನೆ ಆಡಿದವರಿಗೆ ಈ ಸುತ್ತುವಿಕೆ ಹೊಸದಲ್ಲ. ಇಷ್ಟು ಮಾಡಿದರೆ ಉಳಿಯುವುದು 5 ಮತ್ತು 6ನೆಯ ಗುಳಿಗಳಲ್ಲಿ ಒಂದೊಂದು ಬೀಜ, ಅಂದರೆ 16 + 32 = 48. ಎಲ್ಲಿಯೂ ಭಾಗಾಕಾರ ಮಾಡಲಿಲ್ಲ ಎಂಬುದನ್ನು ಗಮನಿಸಿ.

48ರ ವರ್ಗದಿಂದ 2 ಕಳೆದರೆ 2302, ಅಂದರೆ 17 × 128 + 126. ಈ ಬಾರಿ ಸುರಿದಾಗ 5ನೆಯ ಗುಳಿಯಲ್ಲಿ ಎರಡಾಗಿ, ಅಲ್ಲಿಂದ 6, 7 ತುಂಬಿ ಹರಿದು, ಸುತ್ತಿ 1ಕ್ಕೆ ಬಂದು, 2, 3, 4 ದಾಟಿ, ಕೊನೆಗೆ ಬರಿದಾಗಿದ್ದ 5ನೆಯ ಗುಳಿಯಲ್ಲೇ ಒಂದು ಬೀಜ ನಿಲ್ಲುತ್ತದೆ: 16. ಅದರ ವರ್ಗದಿಂದ 2 ಕಳೆದರೆ 254 = 1 × 128 + 126. ಮೇಲೆ ಒಂದೇ ಬೀಜ, ಕೆಳಗೆ ಬಲತುದಿಯೊಂದನ್ನು ಬಿಟ್ಟು ಆರು ಗುಳಿಗಳಲ್ಲಿ ಒಂದೊಂದು. ಸುರಿದರೆ ಏಳೂ ಗುಳಿಗಳಲ್ಲಿ ಒಂದೊಂದು ಬೀಜ ಸಮನಾಗಿ ನಿಲ್ಲುತ್ತದೆ. ಅದು 127, ಅಂದರೆ ಶೇಷ ಸೊನ್ನೆ.

3, 7, 47, 48, 16, 0. ಆದ್ದರಿಂದ 127 ಅವಿಭಾಜ್ಯ. ಲ್ಯೂಕಾ ಮಾಡಿದ್ದು ಇದನ್ನೇ, ಆದರೆ 127 ಮನೆಗಳ ಸಾಲಿನಲ್ಲಿ. ಸಾಲಿಗೆ 127 ಮನೆಗಳಿರುವ ಚದುರಂಗದ ಹಾಸಿನ ಮೇಲೆ ಕಾಯಿಗಳನ್ನಿಟ್ಟು ಈ ಗುಣಾಕಾರವನ್ನು ಮಾಡುವ ಕ್ರಮವನ್ನು ಅವರೇ ವಿವರಿಸಿದ್ದಾರೆ. ನಮಗೆ ಐದು ವರ್ಗಗಳು ಸಾಕಾದವು, ಮಕ್ಕೆ 125 ವರ್ಗಗಳು ಬೇಕು. 80 ಕೋಟಿ ವರ್ಷಗಳ ಕೆಲಸ 125 ಗುಣಾಕಾರಗಳಿಗೆ ಇಳಿಯಿತು.

ನಿವೃತ್ತ_ಮೇಷ್ಟ್ರು

ಕಡಲಕರೆಯವರ ಮಣೆಗೆ ಒಂದು ಮಾತು ಸೇರಿಸುತ್ತೇನೆ. ನಾವು ಪ್ರಾಥಮಿಕ ಶಾಲೆಯಲ್ಲಿ ಗುಣಾಕಾರದ ತಾಳೆ ನೋಡಲು ಅಂಕಿಗಳನ್ನು ಕೂಡಿಸಿ ಒಂಬತ್ತನ್ನು ಬಿಡುತ್ತಿದ್ದೆವಲ್ಲ, ಇದು ಅದೇ ಉಪಾಯ. 10ನ್ನು 9ರಿಂದ ಭಾಗಿಸಿದರೆ ಶೇಷ 1, ಆದ್ದರಿಂದ ಅಂಕಿಗಳ ಮೊತ್ತವೇ ಶೇಷವಾಗುತ್ತದೆ. 2¹²⁷ನ್ನು ಆಧಾರವಾಗಿಟ್ಟು ಎಣಿಸುವವನಿಗೆ ಮ ಎಂಬುದು "ಒಂಬತ್ತು" ಇದ್ದಂತೆ. ಈ ಸಂಖ್ಯೆಯ ಉಪಯುಕ್ತತೆಯೆಲ್ಲ ಅದರ ಈ ಆಕಾರದಿಂದಲೇ ಬಂದದ್ದು.

ಅಂಚಿನ_ಟಿಪ್ಪಣಿ

ನಮ್ಮ ಮನೆಯಲ್ಲಿ ಮಣೆ ಇಲ್ಲ, ಚೌಕಳಿ ಹಾಳೆಯಲ್ಲಿ ಮಾಡಿದೆವು. 127ಕ್ಕೆ ನೀವು ಹೇಳಿದಂತೆಯೇ ಬಂತು, ಬಹಳ ಸಂತೋಷವಾಯಿತು. ಆದರೆ ಮಗಳು ಅಲ್ಲಿಗೆ ನಿಲ್ಲಿಸದೆ 31ಕ್ಕೂ ಮಾಡಿದಳು. 3, 7, 47ರ ಶೇಷ 16, 16ರ ವರ್ಗದಿಂದ 2 ಕಳೆದರೆ 254, ಅದರ ಶೇಷ 6. ನಾಲ್ಕನೆಯ ಪದ ಸೊನ್ನೆಯಾಗಬೇಕಿತ್ತು, ಆದರೆ 6 ಬಂದಿದೆ. 31 ಅವಿಭಾಜ್ಯವೆಂದು ಮಗ್ಗಿ ಬಲ್ಲ ಎಲ್ಲರಿಗೂ ಗೊತ್ತು. ಮೂರು ಸಲ ಮಾಡಿ ನೋಡಿದೆವು. ಪರೀಕ್ಷೆಯಲ್ಲೇ ದೋಷವಿದೆಯೇ?

ಮಾತ್ರಾಗಣ

ಮಗಳ ಲೆಕ್ಕ ಸರಿಯಾಗಿದೆ. ದೋಷವಿರುವುದು ಕಡಲಕರೆಯವರು ಹೇಳದೆ ಬಿಟ್ಟ ಒಂದು ಷರತ್ತಿನಲ್ಲಿ. 3ರಿಂದ ಆರಂಭಿಸುವ ಪರೀಕ್ಷೆ ನಡೆಯುವುದು ಸಂಖ್ಯೆ 7ರಿಂದ ಕೊನೆಗೊಂಡಾಗ ಮಾತ್ರ. 7, 127, 2047, ಹಾಗೆಯೇ ನಮ್ಮ ಮ ಎಲ್ಲವೂ 7ರಿಂದ ಕೊನೆಗೊಳ್ಳುತ್ತವೆ. 31 ಮತ್ತು 8191 ಎಂಬವು 1ರಿಂದ ಕೊನೆಗೊಳ್ಳುವುದರಿಂದ ಅವುಗಳಿಗೆ ಇದು ಸಲ್ಲದು. ಅಮೆರಿಕದ ಡಿ. ಎಚ್. ಲೆಹ್ಮರ್ 1930ರಲ್ಲಿ ಇದನ್ನು ಚೊಕ್ಕಟಗೊಳಿಸಿ, 4ರಿಂದ ಆರಂಭಿಸಿದರೆ ಎಲ್ಲ ಬೆಸ ಅವಿಭಾಜ್ಯ ಘಾತಾಂಕಗಳಿಗೂ ಪರೀಕ್ಷೆ ಹೊಂದುತ್ತದೆಂದು ತೋರಿಸಿದರು. 31ಕ್ಕೆ ಮಾಡಿ ನೋಡಿ: 4, 14, 194ರ ಶೇಷ 8, ಅನಂತರ 62, ಅಂದರೆ ಸೊನ್ನೆ. ಇಂದು ಇದನ್ನು ಲ್ಯೂಕಾ–ಲೆಹ್ಮರ್ ಪರೀಕ್ಷೆ ಎನ್ನುತ್ತಾರೆ.

ಈ ಷರತ್ತು ಎಲ್ಲಿಂದ ಬಂತೆಂದು ಕೇಳಿದರೆ ನಾನು ಛಂದಸ್ಸಿನಿಂದ ಉತ್ತರ ಹೇಳಬೇಕಾಗುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣವನ್ನು ಮೂರು ರೀತಿ ತುಂಬಬಹುದು, ನಾಲ್ಕು ಮಾತ್ರೆಯದನ್ನು ಐದು ರೀತಿ, ಐದು ಮಾತ್ರೆಯದನ್ನು ಎಂಟು ರೀತಿ. ಪ್ರತಿ ಎಣಿಕೆಯೂ ಹಿಂದಿನ ಎರಡರ ಮೊತ್ತ, ಏಕೆಂದರೆ ಗಣದ ಕೊನೆಯಲ್ಲಿ ಇರುವುದು ಲಘು ಇಲ್ಲವೇ ಗುರು. ಹೇಮಚಂದ್ರ 12ನೆಯ ಶತಮಾನದಲ್ಲಿ, ಅವನಿಗಿಂತ ಮೊದಲು ವಿರಹಾಂಕ, ಇದನ್ನು ಹೇಳಿದ್ದರು. ಇದೇ ಸಾಲಿಗೆ ಫಿಬೊನಾಚಿಯ ಹೆಸರನ್ನು ಅಂಟಿಸಿ ಪ್ರಚಾರಕ್ಕೆ ತಂದವರು ಇದೇ ಲ್ಯೂಕಾ! ಇದೇ ಕೂಡುವ ನಿಯಮದಿಂದ 1, 3 ಎಂದು ಆರಂಭಿಸಿದರೆ 1, 3, 4, 7, 11, 18, 29, 47 ಎಂಬ ಇನ್ನೊಂದು ಸಾಲು ಸಿಗುತ್ತದೆ, ಅದಕ್ಕೆ ಲ್ಯೂಕಾ ಅವರ ಹೆಸರೇ ಇದೆ. ಅದರಲ್ಲಿ 2ನೆಯದು 3, 4ನೆಯದು 7, 8ನೆಯದು 47, 16ನೆಯದು 2207. ಚೆನ್ನೆಮಣೆಯಲ್ಲಿ ಬಂದ ಸಂಖ್ಯೆಗಳು ಇವೇ ಅಲ್ಲವೇ? "ವರ್ಗ ಮಾಡಿ 2 ಕಳೆಯಿರಿ" ಎಂದರೆ ಈ ಸಾಲಿನಲ್ಲಿ ಇದ್ದ ಸ್ಥಾನದಿಂದ ಇಮ್ಮಡಿ ದೂರಕ್ಕೆ ಒಂದೇ ನೆಗೆತ ಹಾಕಿದಂತೆ. ಈ ಸಾಲುಗಳ ಬೆನ್ನೆಲುಬು √5. ಅದರ ಸಂಬಂಧ ಸಂಖ್ಯೆಯ ಕೊನೆಯ ಅಂಕಿಯನ್ನು ಅವಲಂಬಿಸಿರುವುದರಿಂದಲೇ 7ರ ಷರತ್ತು ಹುಟ್ಟುತ್ತದೆ.

ಸಂದೇಹಿ

ಇಲ್ಲಿಯವರೆಗಿನದೆಲ್ಲ ಚೆನ್ನಾಗಿದೆ, ಆದರೆ ಮುಖ್ಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಕೊನೆಯಲ್ಲಿ ಸೊನ್ನೆ ಬಂದ ಮಾತ್ರಕ್ಕೆ ಸಂಖ್ಯೆಗೆ ಅಪವರ್ತನಗಳೇ ಇಲ್ಲವೆಂದು ಹೇಗೆ ನಿರ್ಣಯಿಸುವುದು? ಈ ಶೇಷಗಳಿಗೂ ಭಾಜಕಗಳಿಗೂ ಏನು ನಂಟು? ಮೇಷ್ಟ್ರೇ ತೋರಿಸಿದಂತೆ ಫರ್ಮಾ ಪರೀಕ್ಷೆ ಮೋಸಹೋಗುತ್ತದೆ. ಇದು ಮೋಸಹೋಗುವುದಿಲ್ಲ ಎಂಬುದಕ್ಕೆ ಆಧಾರವೇನು?

ನಿವೃತ್ತ_ಮೇಷ್ಟ್ರು

ತನ್ನ ವರ್ಗವು ತನಗಿಂತ ಸರಿಯಾಗಿ ಒಂದು ಹೆಚ್ಚಾಗಿರುವ ಸಂಖ್ಯೆಯೊಂದಿದೆ, ಅದನ್ನು "ಸು" ಎನ್ನೋಣ. ಇದು ಸುವರ್ಣಾನುಪಾತ, 1ಕ್ಕೆ √5 ಕೂಡಿಸಿ 2ರಿಂದ ಭಾಗಿಸಿದರೆ ಸಿಗುತ್ತದೆ. ಲ್ಯೂಕಾ ಸಾಲಿನ ಪ್ರತಿ ಪದವೂ ಸುವಿನ ಒಂದು ಘಾತ ಮತ್ತು ಅದರ ಜೊತೆಗಾರನ (√5ರ ಚಿಹ್ನೆ ಬದಲಿಸಿದ ಸಂಖ್ಯೆಯ) ಅದೇ ಘಾತ, ಇವೆರಡರ ಮೊತ್ತ. ಕೊನೆಯ ಪದ ಮದಿಂದ ನಿಶ್ಶೇಷವಾಗಿ ಭಾಗವಾಯಿತೆಂದರೆ, ಸ್ವಲ್ಪ ಬೀಜಗಣಿತ ಮಾಡಿದಾಗ, ಸುವನ್ನು 2¹²⁷ನೆಯ ಘಾತಕ್ಕೇರಿಸಿದಾಗ ಶೇಷಗಳ ಲೋಕದಲ್ಲಿ −1 ಬರುತ್ತದೆ. ಅದರ ವರ್ಗ 1. ಅಂದರೆ ಸುವಿನ ಘಾತಗಳು ಮೊದಲ ಬಾರಿ 1ಕ್ಕೆ ಮರಳುವುದು ಸರಿಯಾಗಿ 2¹²⁸ನೆಯ ಹೆಜ್ಜೆಯಲ್ಲಿ. ಅದಕ್ಕಿಂತ ಮೊದಲು ಮರಳಿದ್ದರೆ ಅರ್ಧದಾರಿಯಲ್ಲಿ −1 ಬರಲು ಸಾಧ್ಯವೇ ಇರಲಿಲ್ಲ.

ಈಗ ಮ ಒಡೆಯುತ್ತದೆಂದು ವಾದಕ್ಕಾಗಿ ಒಪ್ಪೋಣ. ಆಗ ಅದರ ಅತಿ ಚಿಕ್ಕ ಅವಿಭಾಜ್ಯ ಭಾಜಕ ಕ, ಮದ ವರ್ಗಮೂಲವನ್ನು ಮೀರುವುದಿಲ್ಲ. ಮೇಲಿನ ಮಾತುಗಳೆಲ್ಲ ಕದ ಶೇಷಗಳಿಗೂ ಹಾಗೆಯೇ ಅನ್ವಯಿಸುತ್ತವೆ. ಕದ ಶೇಷಗಳ ಊರಿನಲ್ಲಿ √5 ಸೇರಿಸಿ ಬರೆಯಬಹುದಾದ, ಸೊನ್ನೆಯಲ್ಲದ ಸಂಖ್ಯೆಗಳು ಹೆಚ್ಚೆಂದರೆ ಕ² − 1, ಅಂದರೆ ಮಕ್ಕಿಂತ ಕಡಿಮೆ ಮನೆಗಳು. ಸು ಮಾತ್ರ 2¹²⁸ ಬೇರೆ ಬೇರೆ ಮನೆಗಳಿಗೆ ಭೇಟಿ ಕೊಟ್ಟ ಮೇಲೆಯೇ ತನ್ನ ಮನೆಗೆ ಮರಳುತ್ತದೆ ಎನ್ನುತ್ತಿದೆ. ಊರಿನಲ್ಲಿ ಇರುವುದಕ್ಕಿಂತ ಹೆಚ್ಚು ಮನೆಗಳನ್ನು ಸುತ್ತಿ ಬರುವುದು ಹೇಗೆ? ಆದ್ದರಿಂದ ಅಂಥ ಕ ಇಲ್ಲ. ಒಂದೇ ಒಂದು ಭಾಜಕವನ್ನೂ ಹುಡುಕದೆ ಎಲ್ಲ ಭಾಜಕಗಳನ್ನೂ ಒಟ್ಟಿಗೆ ಅಲ್ಲಗಳೆದಂತಾಯಿತು.

ಸಂಯುಕ್ತ ಸಂಖ್ಯೆಯಲ್ಲಿ ಏನಾಗುತ್ತದೆಂದು ನೋಡಬೇಕೆಂದರೆ 2047ಕ್ಕೆ ಮಾಡಿ: 3, 7, 47, 160, 1034, 620, 1609, 1471, ಮತ್ತೆ 160, ಮತ್ತೆ 1034. ಹತ್ತನೆಯ ಪದ ಸೊನ್ನೆಯಾಗಬೇಕಿದ್ದಲ್ಲಿ 1034 ಬಂದು ನಿಂತಿದೆ. ಇನ್ನೂ ಸಾವಿರ ಸಲ ವರ್ಗ ಮಾಡಿದರೂ ಅದು ಗಾಣದ ಎತ್ತಿನಂತೆ ಈ ಐದು ಸಂಖ್ಯೆಗಳನ್ನೇ ಸುತ್ತುತ್ತಿರುತ್ತದೆ.

ಸಂದೇಹಿ

ಸಾಧನೆಯನ್ನು ಒಪ್ಪುತ್ತೇನೆ. ಆದರೆ 39 ಅಂಕಿಗಳ ಸಂಖ್ಯೆಗಳ 125 ವರ್ಗಗಳನ್ನು ಕೈಯಿಂದ ಮಾಡಿದವರು ಎಲ್ಲೂ ತಪ್ಪಿಲ್ಲವೆಂದು ನಂಬುವುದು ಹೇಗೆ? ನನಗೆ ಪ್ರಮೇಯದ ಮೇಲೆ ಸಂದೇಹವಿಲ್ಲ, ಮನುಷ್ಯನ ಕೈಯ ಮೇಲಿದೆ.

ಬಿಡಿಲೆಕ್ಕ

ಮೊದಲು ನಾನೇ ತಪ್ಪು ಹೇಳಿದ್ದರಿಂದ ಈ ಪ್ರಶ್ನೆಯನ್ನು ಕುರಿತು ಸ್ವಲ್ಪ ಯೋಚಿಸಿದೆ. ಸೊನ್ನೆ ಬಂದಿದ್ದರೆ ನಂಬಬಹುದು, ಬಾರದಿದ್ದರೆ ನಂಬುವುದು ಕಷ್ಟ ಎಂದು ನನಗನ್ನಿಸುತ್ತದೆ. ನಡುವೆ ಎಲ್ಲೋ ಒಂದು ಅಂಕಿ ತಪ್ಪಿದರೆ ಅಲ್ಲಿಂದಾಚೆಗೆ ಶೇಷಗಳು ದಿಕ್ಕುಗೆಟ್ಟು ಹೋಗುತ್ತವೆ. ದಿಕ್ಕುಗೆಟ್ಟ ಲೆಕ್ಕವೊಂದು ಮದಷ್ಟು ಬೇರೆ ಬೇರೆ ಶೇಷಗಳ ನಡುವೆ ಆಕಸ್ಮಿಕವಾಗಿ ಸೊನ್ನೆಯ ಮೇಲೆಯೇ ಬಂದು ಕೂರುವುದು ನಡೆಯುವ ಮಾತಲ್ಲ. ಆದರೆ ಸೊನ್ನೆಯಲ್ಲದ ಉತ್ತರ ಬಂದರೆ ಅದು ಸಂಖ್ಯೆಯ ಗುಣವೋ ನಮ್ಮ ಕೈತಪ್ಪೋ ಎಂದು ಆ ಉತ್ತರವನ್ನು ನೋಡಿ ಹೇಳಲಾಗದು.

ನಿವೃತ್ತ_ಮೇಷ್ಟ್ರು

ಈ ಚರ್ಚೆಯಲ್ಲಿ ಬಂದ ಅತ್ಯುತ್ತಮ ಮಾತು ಇದು, ಅಭಿನಂದನೆ. ಚರಿತ್ರೆಯಲ್ಲೂ ಹಾಗೆಯೇ ಆಯಿತು. 2⁶⁷ − 1 ಅವಿಭಾಜ್ಯವಲ್ಲವೆಂದು ಲ್ಯೂಕಾ ಅದೇ 1876ರಲ್ಲಿ ಹೇಳಿದರು, ಆದರೆ ಭಾಜಕಗಳನ್ನು ಕೊಡಲು ಅವರಿಂದ ಸಾಧ್ಯವಿರಲಿಲ್ಲ. 1903ರ ಅಕ್ಟೋಬರ್‌ನಲ್ಲಿ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಎಂಬವರು 193707721 × 761838257287 ಎಂಬ ಗುಣಲಬ್ಧವನ್ನು ಮುಂದಿಟ್ಟ ಮೇಲೆಯೇ ಅದು ಎಲ್ಲರ ಕಣ್ಣಿಗೆ ಕಾಣುವ ಸತ್ಯವಾಯಿತು. ಮದ ವಿಷಯದಲ್ಲಿ 1914ರಲ್ಲಿ ಫ್ರಾನ್ಸಿನ ಫೋಕಾಂಬೆರ್ಗ್ ಎಂಬವರು ಮತ್ತೊಮ್ಮೆ ಲೆಕ್ಕ ಮಾಡಿ ಅವಿಭಾಜ್ಯವೆಂದೇ ದೃಢಪಡಿಸಿದರು.

ಸೊನ್ನೆ_ಒಂದು

ನಾನು ಸಾಫ್ಟ್‌ವೇರ್ ಕೆಲಸದವನು, ಗಣಿತದ ಸೂಕ್ಷ್ಮಗಳನ್ನು ಮೇಷ್ಟ್ರಿಗೆ ಬಿಡುತ್ತೇನೆ. ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದು 4ರಿಂದ ಆರಂಭಿಸಿ 125 ಸಲ ಸುತ್ತಿಸಿದೆ. ಎಂಟರ್ ಒತ್ತಿದ ಬೆರಳು ಎತ್ತುವಷ್ಟರಲ್ಲಿ ಸೊನ್ನೆ ಬಂದಿತ್ತು. ಒಂದು ಕ್ಷಣ ಪೆಚ್ಚಾದೆ ಎಂದೇ ಹೇಳಬೇಕು.

ಈ ಸಂಖ್ಯೆ 75 ವರ್ಷಗಳ ಕಾಲ, 1951ರವರೆಗೆ, ತಿಳಿದಿದ್ದ ಅವಿಭಾಜ್ಯಗಳಲ್ಲೇ ದೊಡ್ಡದಾಗಿತ್ತು. ಆ ವರ್ಷ ಫೆರಿಯೆ ಎಂಬವರು ಮೇಜಿನ ಮೇಲಿನ ಯಾಂತ್ರಿಕ ಗಣಕದಿಂದ 44 ಅಂಕಿಗಳ ಅವಿಭಾಜ್ಯವೊಂದನ್ನು ಕಂಡುಕೊಂಡರು. ಅದೇ ವರ್ಷ ಕೇಂಬ್ರಿಜ್‌ನ ಎಡ್‌ಸ್ಯಾಕ್ ಗಣಕಯಂತ್ರದಲ್ಲಿ ಮಿಲ್ಲರ್ ಮತ್ತು ವೀಲರ್ 180ಮ² + 1 ಎಂಬ 79 ಅಂಕಿಗಳ ಅವಿಭಾಜ್ಯವನ್ನು ಸಾಧಿಸಿದರು. ಸೂತ್ರವನ್ನು ಗಮನಿಸಿ, ಮವನ್ನು ಹಿಂದಿಕ್ಕಿದ ಸಂಖ್ಯೆಯನ್ನು ಕಟ್ಟಿದ್ದೂ ಮದಿಂದಲೇ! ಒಂದು ಸಂಖ್ಯೆಯಿಂದ 1 ಕಳೆದಾಗ ಸಿಗುವುದರ ಅಪವರ್ತನಗಳು ಗೊತ್ತಿದ್ದರೆ ಅದರ ಅವಿಭಾಜ್ಯತೆಯನ್ನು ಸಾಧಿಸುವುದು ಸುಲಭ, ಇಲ್ಲಿ ಆ ಅಪವರ್ತನಗಳನ್ನು ಮೊದಲೇ ಒಳಗೆ ಕೂರಿಸಲಾಗಿತ್ತು. 1952ರ ಜನವರಿ 30ರಂದು ಲಾಸ್ ಏಂಜಲೀಸ್‌ನ ಸ್ವ್ಯಾಕ್ ಯಂತ್ರದಲ್ಲಿ ರಾಬಿನ್‌ಸನ್ ಬರೆದ ಪ್ರೋಗ್ರಾಮ್ 2⁵²¹ − 1 ಮತ್ತು 2⁶⁰⁷ − 1 ಎರಡನ್ನೂ ಅವಿಭಾಜ್ಯವೆಂದು ತೋರಿಸಿತು. ಪರೀಕ್ಷೆ ಅದೇ ಲ್ಯೂಕಾ–ಲೆಹ್ಮರ್. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ 2¹³⁶²⁷⁹⁸⁴¹ − 1 ಎಂಬುದರಲ್ಲಿ 4,10,24,320 ಅಂಕಿಗಳಿವೆ. ಅದರ ಮುಂದೆ ನಮ್ಮ 39 ಅಂಕಿಗಳು ಯಾವ ಲೆಕ್ಕಕ್ಕೂ ಇಲ್ಲ.

ಆದರೂ ಮ ಮೂಲೆಗುಂಪಾಗಿಲ್ಲ. 2015ರಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧಕರು ರೂಪಿಸಿದ ಫೋರ್‌ಕ್ಯೂ ಎಂಬ ಗೂಢಲಿಪಿ ವಕ್ರರೇಖೆಯ ಲೆಕ್ಕಗಳೆಲ್ಲ ಈ ಸಂಖ್ಯೆಯ ಶೇಷಗಳ ಮೇಲೆಯೇ ನಡೆಯುತ್ತವೆ. ಕಾರಣ ಕಡಲಕರೆಯವರ ಮಣೆಯದೇ: ಗುಣಿಸಿದ ಮೇಲೆ ಭಾಗಾಕಾರವಿಲ್ಲ, ಮೇಲಿನ ಸಾಲನ್ನು ಕೆಳಗೆ ಸುರಿದರೆ ಸಾಕು. ನಾವು ಇದನ್ನು ದಿನವೂ ಮಾಡುತ್ತೇವೆ, ಹುಣಸೆಬೀಜ ಮಾತ್ರ ಕಂಡಿರಲಿಲ್ಲ.

ಬಿಡಿಲೆಕ್ಕ

ಹಾಗಿದ್ದರೆ ಇದನ್ನು ಬ್ಯಾಂಕಿನ ಗುಪ್ತ ಕೀಲಿಯಾಗಿಯೂ ಬಳಸಬಹುದೇ?

ಸೊನ್ನೆ_ಒಂದು

ಇಲ್ಲ. ಜಗತ್ತಿಗೆಲ್ಲ ಗೊತ್ತಿರುವ ಸಂಖ್ಯೆ ಗುಟ್ಟಾಗುವುದಿಲ್ಲ. ಫೋರ್‌ಕ್ಯೂನಲ್ಲಿ ಮ ಬಹಿರಂಗವಾದ ಆಟದ ಹಲಗೆ ಮಾತ್ರ, ಗುಟ್ಟು ಇರುವುದು ಅದರ ಮೇಲೆ ಆಡಿದ ನಡೆಗಳಲ್ಲಿ.

ಮಾತ್ರಾಗಣ

ಇನ್ನೆರಡು ಗುಣಗಳನ್ನು ಹೇಳದಿದ್ದರೆ ಈ ಚರ್ಚೆ ಅಪೂರ್ಣವೆನಿಸುತ್ತದೆ. ಮೊದಲನೆಯದು ಪರಿಪೂರ್ಣ ಸಂಖ್ಯೆ. 6ರ ಭಾಜಕಗಳಾದ 1, 2, 3 ಕೂಡಿದರೆ 6 ಬರುವಂತೆ, 2¹²⁶ × ಮ ಎಂಬ 77 ಅಂಕಿಗಳ ಸಂಖ್ಯೆಯ ಭಾಜಕಗಳನ್ನು (ಅದನ್ನೇ ಬಿಟ್ಟು) ಕೂಡಿದರೆ ಅದೇ ಸಂಖ್ಯೆ ಮರಳಿ ಬರುತ್ತದೆ. ಲ್ಯೂಕಾ ಅವರು 1883ರಲ್ಲಿ ಹನೋಯಿ ಗೋಪುರದ ಆಟವನ್ನು ಮಾರುಕಟ್ಟೆಗೆ ತಂದವರು ಎಂಬುದೂ ನೆನಪಿಗೆ ಬರುತ್ತದೆ. 127 ಬಿಲ್ಲೆಗಳ ಗೋಪುರವನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸಲು ಬೇಕಾದ ಕನಿಷ್ಠ ನಡೆಗಳು ಸರಿಯಾಗಿ ಮ.

ಎರಡನೆಯದು ಸರಪಳಿ. 2ರಿಂದ ಆರಂಭಿಸಿ: 2² − 1 = 3, 2³ − 1 = 7, 2⁷ − 1 = 127, 2¹²⁷ − 1 = ಮ. ಪ್ರತಿ ಕೊಂಡಿಯೂ ಅವಿಭಾಜ್ಯ. ಲ್ಯೂಕಾ ಅವರ ಫಲಿತಾಂಶ ಬಂದ ಕಾಲದಲ್ಲೇ ಕಾತಲಾನ್ ಎಂಬ ಗಣಿತಜ್ಞರು ಈ ಸರಪಳಿಯತ್ತ ಬೊಟ್ಟು ಮಾಡಿದರು. ಮುಂದಿನ ಕೊಂಡಿ 2ರ ಮ ಘಾತದಿಂದ 1 ಕಳೆದದ್ದು. ಅದರಲ್ಲಿರುವ ಅಂಕಿಗಳ ಎಣಿಕೆಯೇ ಸುಮಾರು 5.1 × 10³⁷, ಬರೆದಿಡಲು ಭೂಮಿಯ ಮೇಲಿನ ಕಾಗದವೆಲ್ಲ ಸಾಲದು. ಅದು ಅವಿಭಾಜ್ಯವೋ ಅಲ್ಲವೋ ಎಂಬ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ, ಲ್ಯೂಕಾ ಪರೀಕ್ಷೆಯೂ ಅಲ್ಲಿ ಕೈಚೆಲ್ಲುತ್ತದೆ. ಮೇಷ್ಟ್ರು ಆರಂಭದಲ್ಲಿ ಹೇಳಿದ ಜರಡಿ ಮಾತ್ರ ಇನ್ನೂ ಕೆಲಸಕ್ಕೆ ಬರುತ್ತದೆ. ಅಲ್ಲಿ ಪರಿಶೀಲಿಸಬೇಕಾದ ಮೊದಲ ಭಾಜಕ 2ಮ + 1, ಅಂದರೆ 2¹²⁸ − 1. ಅದು 3, 5, 17, 257, 641 ಮುಂತಾದವುಗಳಿಂದ ಭಾಗವಾಗುವ ಸಂಯುಕ್ತ ಸಂಖ್ಯೆಯಾದ್ದರಿಂದ ಆ ಬಾಗಿಲು ಮೊದಲೇ ಮುಚ್ಚಿದೆ.

ಕಡಲಕರೆ

ಷರತ್ತನ್ನು ಹೇಳದೆ ಬಿಟ್ಟಿದ್ದಕ್ಕೆ ಮಗಳಲ್ಲಿ ಕ್ಷಮೆ ಕೇಳುತ್ತೇನೆ. ಅದಕ್ಕೆ ಬದಲಾಗಿ ಒಂದು ಗುಟ್ಟು ಹೇಳುತ್ತೇನೆ. ಕೊನೆಯ ಪದ ಸೊನ್ನೆಯಾಗಬೇಕಾದರೆ ಅದರ ಹಿಂದಿನ ಪದದ ವರ್ಗದ ಶೇಷ 2 ಆಗಿರಬೇಕು. ಅವಿಭಾಜ್ಯದಲ್ಲಿ ಅಂಥ ಸಂಖ್ಯೆಗಳು ಎರಡೇ. 127ರಲ್ಲಿ ಅವು 16 ಮತ್ತು ಅದರ ಋಣರೂಪವಾದ 111. ಮಣೆಯ ಭಾಷೆಯಲ್ಲಿ ಹೇಳುವುದಾದರೆ ಕೊನೆಯ ಆಟಕ್ಕೆ ಮೊದಲು ಸಾಲಿನಲ್ಲಿ ಒಂದೇ ಒಂದು ಬೀಜ ಇರಬೇಕು, ಇಲ್ಲವೇ ಒಂದೇ ಒಂದು ಗುಳಿ ಖಾಲಿ ಇರಬೇಕು. ಮದಲ್ಲಾದರೆ ಅದು ಬಲದಿಂದ 65ನೆಯ ಗುಳಿ. ಲ್ಯೂಕಾ ಅವರಿಗೆ ಗೆಲುವಿನ ಸುಳಿವು ಒಂದು ಹೆಜ್ಜೆ ಮೊದಲೇ ಸಿಕ್ಕಿರಬೇಕು.

ಅಂಚಿನ_ಟಿಪ್ಪಣಿ

ಎಲ್ಲರಿಗೂ ಧನ್ಯವಾದಗಳು. ಕಡಲಕರೆಯವರ ಗುಟ್ಟನ್ನು ಓದಿದ ಮೇಲೆ ಸುಮ್ಮನಿರಲಾಗದೆ ನಾವಿಬ್ಬರೂ ಭಾನುವಾರ 2¹⁹ − 1, ಅಂದರೆ 524287ನ್ನು ಎತ್ತಿಕೊಂಡೆವು. 7ರಿಂದ ಕೊನೆಗೊಳ್ಳುತ್ತದೆ, ಆದ್ದರಿಂದ 3ರಿಂದ ಆರಂಭ. ಹದಿನೆಂಟು ಪದಗಳು ಬೇಕು. ವರ್ಗಗಳನ್ನು ಅವಳು ಮಾಡಿದಳು, ಮಡಿಚಿ ಕೂಡುವುದನ್ನು ನಾನು ಮಾಡಿದೆ. ಐದನೆಯದು 152264. ಆರನೆಯದರಲ್ಲಿ ನಾನು ಒಂದು ಹಾಸಲು ಬಿಟ್ಟು, ಅಲ್ಲಿಂದ ಮುಂದಿನ ನಾಲ್ಕು ಪದಗಳನ್ನು ಅಳಿಸಬೇಕಾಯಿತು. ಬಿಡಿಲೆಕ್ಕದವರು ಹೇಳಿದ "ದಿಕ್ಕುಗೆಡುವುದು" ಏನೆಂದು ಕೈಯಾರೆ ಅನುಭವವಾಯಿತು. ಸರಿಯಾದದ್ದು 354554. ಹದಿನೈದನೆಯದಾಗಿ 399999 ಬಂದಾಗ ಇಷ್ಟು ಅಂದವಾದ ಸಂಖ್ಯೆ ಬರಲು ಸಾಧ್ಯವಿಲ್ಲ, ಮತ್ತೆ ತಪ್ಪಿದ್ದೇವೆ ಎಂದು ಇಬ್ಬರೂ ತಾಳೆ ನೋಡಿದೆವು, ತಪ್ಪಿರಲಿಲ್ಲ. ಹದಿನಾರನೆಯದು 439061.

ಹದಿನೇಳನೆಯದು 523263. ಅದನ್ನು ದ್ವಿಮಾನದಲ್ಲಿ ಬರೆಯಲು ಮಗಳು ಹತ್ತೊಂಬತ್ತು ಚೌಕಗಳನ್ನು ಎಳೆದು ಬಲದಿಂದ ತುಂಬುತ್ತ ಬಂದಳು. ಹತ್ತು ಚೌಕಗಳಲ್ಲಿ ಸಾಲಾಗಿ ಒಂದು, ಹನ್ನೊಂದನೆಯದರಲ್ಲಿ ಸೊನ್ನೆ, ಉಳಿದ ಎಂಟರಲ್ಲೂ ಒಂದು. ಹದಿನೆಂಟನೆಯ ಪದವನ್ನು ಅವಳು ಲೆಕ್ಕ ಮಾಡಲೇ ಇಲ್ಲ, ಪೆನ್ಸಿಲ್ ಇಟ್ಟು ಅಡುಗೆಮನೆಯಲ್ಲಿದ್ದ ಅವಳ ಅಮ್ಮನಿಗೆ ಆ ಖಾಲಿ ಚೌಕವನ್ನು ತೋರಿಸಲು ಹೋದಳು.